ಅಬ್ಜೂರ್, ಅಡ್ಜೂರ್ ಮತ್ತು ಕಾಕುವಿನ ಮನೆಯ ನೀರು

ಇಂಗ್ಲಿಷಿನಲ್ಲಿ ‘ಅಬ್ಜೂರ್’ ಮತ್ತು ‘ಅಡ್ಜೂರ್’ ಎಂಬ ಎರಡು ಪದಗಳಿವೆ. ಯಾರಿಗೂ ಅಷ್ಟಾಗಿ ಬೇಕಾಗದ ಪದಗಳು. ನಾನು ಮಾತ್ರ ಪ್ರತಿ ಸಲ ನಿಘಂಟು ತೆರೆಯುತ್ತೇನೆ, ಮುಚ್ಚುವಷ್ಟರಲ್ಲಿ ಮರೆಯುತ್ತೇನೆ. ಆಣೆ ಮಾಡಿ ತಾನೇ ಏನನ್ನಾದರೂ ಬಿಟ್ಟುಬಿಡುವುದು ಅಬ್ಜೂರ್. ಇನ್ನೊಬ್ಬರಿಗೆ ಆಣೆ ಹಾಕಿ ಕಟ್ಟಿಹಾಕುವುದು ಅಡ್ಜೂರ್. ಎಂ.ಎ. ಓದಿದವನಿಗೆ ಇಷ್ಟಾದರೂ ನೆನಪಿರಬೇಕಿತ್ತು. ಇರಲಿ, ಇದನ್ನು ಮರೆತು ಯಾರೂ ಬಾಯಾರಿ ಸಾಯುವುದಿಲ್ಲ ಎಂದುಕೊಂಡಿದ್ದೆ.

ಸೋಲಾಪುರದಲ್ಲಿ ಅಪ್ಪ ಮತ್ತು ಅವರ ತಮ್ಮ, ನಮ್ಮ ಕಾಕಾ, ಕೂಡಿ ನಡೆಸುತ್ತಿದ್ದ ಚಾದರದ ಅಂಗಡಿ ಎರಡಾದ ದಿನ, ಅಪ್ಪ ನಮ್ಮೆಲ್ಲರ ಮುಂದೆ ಕಾಕಾನ ಮನೆಯ ನೀರು ಮುಟ್ಟಬಾರದೆಂದು ಆಣೆ ಮಾಡಿದರು. ನಮ್ಮಲ್ಲಿ ಸಂಬಂಧ ಮುರಿಯುವುದು ಹೀಗೆಯೇ: ಮದುವೆಗೆ ಹೋಗುತ್ತೇವೆ, ಮಣ್ಣಿಗೆ ಹೋಗುತ್ತೇವೆ, ನೀರು ಮಾತ್ರ ಮುಟ್ಟುವುದಿಲ್ಲ. ಆದರೆ ಅಪ್ಪ ಬಿಟ್ಟದ್ದು ತಮ್ಮ ಮಟ್ಟಿಗೋ, ನಮಗೂ ಆಣೆ ಹಾಕಿದರೋ? ಎಷ್ಟು ಕೆದಕಿದರೂ ಅವರ ನಡುಗುವ ತುಟಿ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಒಂದು ದಿನ ಮೊದಲನೆಯದೇ ಖಂಡಿತ ಅನ್ನಿಸುತ್ತದೆ, ಮರುದಿನ ಎರಡನೆಯದು. ಕೇಳೋಣವೆಂದರೆ ಅಪ್ಪನೂ ಇಲ್ಲ, ಕಾಕಾನೂ ಇಲ್ಲ. ದೇವರು, ಶಾಪ, ಶಕುನ ಯಾವುದನ್ನೂ ನಂಬದ ನಾನು ಮೈಂದರ್ಗಿಯ ಕಾಕಾನ ಮನೆಗೆ ಹೊರಟಾಗಲೆಲ್ಲ ಚೀಲದಲ್ಲಿ ನಮ್ಮ ಮನೆಯ ನೀರಿನ ಬಾಟಲಿ ಇಟ್ಟುಕೊಳ್ಳುತ್ತೇನೆ. ಕೇಳಿದವರಿಗೆ ಹೊಟ್ಟೆ ಸೂಕ್ಷ್ಮ ಎನ್ನುತ್ತೇನೆ.

ಕಳೆದ ಬೇಸಿಗೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಹಾಸಿಗೆ ಹಿಡಿದಿದ್ದಾಳೆಂದು ತಿಳಿದು ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಹೋದೆ. ಬೇಡವೆಂದರೂ ಗೋಡೆ ಹಿಡಿದು ಎದ್ದು, ತಾನೇ ತಂಬಿಗೆ ತುಂಬಿ ತಂದು ಮುಂದಿಟ್ಟಳು. ನಾನು ಬಾಟಲಿಯ ಮುಚ್ಚಳ ತಿರುವಿದೆ.

“ಆಣಿ ನಿಮ್ಮಪ್ಪಾರು ತಮಗ ಹಾಕ್ಕೊಂಡಿದ್ರು. ನಿನಗ ಯಾರು ಹಾಕ್ಯಾರೋ?” ಅಂದಳು.

“ನನಗ ನೆನಪಿಲ್ಲ ಕಾಕು.”

“ನನಗ ಐತಿ.”

ನಂಬಬಹುದಿತ್ತು. ಆದರೆ ಹೇಗಾದರೂ ನೀರು ಕುಡಿಸಬೇಕೆಂದು ಕೂತವಳ ನೆನಪನ್ನು ಸಾಕ್ಷಿಯೆಂದು ಒಪ್ಪುವುದು ಹೇಗೆ? ವಿಶ್ವವಿದ್ಯಾಲಯ ನನಗೆ ಸಂಶಯಪಡುವುದನ್ನು ಕಲಿಸಿತು, ನಿಲ್ಲಿಸುವುದನ್ನು ಕಲಿಸಲಿಲ್ಲ. ಕೈ ತಂಬಿಗೆಯ ತನಕ ಹೋಯಿತು, ಅದು ತಣ್ಣಗಿತ್ತು, ಕೈ ಹಿಂದಕ್ಕೆ ಬಂತು.

ಕಾಕು ನನ್ನ ಬಾಟಲಿ ಕಸಿದುಕೊಂಡು, ನಿಧಾನವಾಗಿ, ಕೊನೆಯ ಗುಟುಕಿನ ತನಕ ಕುಡಿದು, ಖಾಲಿ ಬಾಟಲಿ ನನ್ನ ತೊಡೆಯ ಮೇಲಿಟ್ಟಳು.

“ನನಗಂತೂ ಯಾರೂ ಹಾಕಿಲ್ಲಪಾ.”

ತಂಬಿಗೆಯನ್ನು ಹಾಗೇ ಬಿಟ್ಟು ಎದ್ದು ಬಂದೆ. ಸೋಲಾಪುರದ ಬಸ್ಸಿನಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅಪ್ಪ ಅಂದು ಏನು ಮಾಡಿದರೋ ಈಗಲೂ ಗೊತ್ತಿಲ್ಲ. ಈ ಸಲ ಆ ನೀರನ್ನು ಬಿಟ್ಟು ಬಂದವನು ಯಾರೆಂಬುದರಲ್ಲಿ ಮಾತ್ರ ಸಂಶಯವಿರಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಿಘಂಟು ನೋಡಬೇಕಾಗಲಿಲ್ಲ.