ಅಡುಗೆಮನೆಯ ಕಂಪನಿ

ಲೂವಿನಿಯಾ ಪ್ಯೂರ್‌ಫಾಯ್ ತೀರಿಕೊಂಡ ಮರುದಿನ ಅವಳ ಹಿರಿಯ ಮಗ ಕ್ಲೀವನ್, ವರ್ಲೀನ್ ಸ್ಯಾಟರ್‌ವೈಟ್‌ಳ ಮನೆಗೆ ಬಂದು ತನ್ನ ಮನೆತನದ ಕಂಪನಿಯ ಹೆಸರು ಅಚ್ಚಾಗಿದ್ದ ಕಾಗದವೊಂದನ್ನು ಊಟದ ಮೇಜಿನ ಮೇಲಿಟ್ಟ. ಅದರಲ್ಲಿ ಅವನ ತಾಯಿಯ ಜೀವನ ವಿವರವಿತ್ತು. ಅಂತ್ಯಕ್ರಿಯೆಯ ದಿನ ಹಂಚುವ ಪುಸ್ತಿಕೆಗೆ ಅದನ್ನು ಟೈಪ್ ಮಾಡಿಕೊಡಬೇಕಿತ್ತು.

ಅಮೆರಿಕದ ಡರ್ಹಮ್ ಊರಿನಲ್ಲಿ ಕರಿಯರು ವಾಸಿಸುವ ಈ ಭಾಗದಲ್ಲಿ ಯಾರೇ ಸತ್ತರೂ ಮನೆಯವರು ವರ್ಲೀನ್‌ಳ ಬಾಗಿಲು ತಟ್ಟುತ್ತಿದ್ದರು. ಅವಳು ಮೂವತ್ತೊಂದು ವರ್ಷದಿಂದ ಮೌಂಟ್ ಪಿಸ್ಗಾ ಚರ್ಚಿನ ಕಾರ್ಯದರ್ಶಿ. ಹಗಲು ಶಾಲೆಯ ಕಚೇರಿಯಲ್ಲಿ ಟೈಪ್ ಮಾಡುವುದು, ಸಂಜೆ ಗಂಡನಿಗೆ ಊಟ ಬಡಿಸಿ, ಪಾತ್ರೆ ತೊಳೆದು, ಅದೇ ಮೇಜು ಒರೆಸಿ ಸತ್ತವರಿಗಾಗಿ ಟೈಪ್ ಮಾಡುವುದು. ಸಿಸ್ಟರ್ ವರ್ಲೀನ್‌ಗೆ ಈ ಕೆಲಸ ಇಷ್ಟ ಎಂದು, ಅವಳನ್ನು ಚರ್ಚಿನ ವಾಡಿಕೆಯಂತೆ ಸಿಸ್ಟರ್ ಎನ್ನುತ್ತಿದ್ದ ಎಲ್ಲರೂ ಹೇಳುತ್ತಿದ್ದರು. ಹೌದೋ ಅಲ್ಲವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಕ್ಲೀವನ್ ಬರೆದಿದ್ದ: ನಮ್ಮ ಜನರಲ್ಲಿ ಈ ಊರಿನಲ್ಲಿ ಮೊದಲ ಕಾರ್ಖಾನೆ ತೆರೆದ, ಪ್ಯೂರ್‌ಫಾಯ್ ಪೊಮೇಡ್ ಎಂಬ ಕೂದಲೆಣ್ಣೆ ಕಂಪನಿಯ ಸ್ಥಾಪಕರಾದ ದಿವಂಗತ ಲಾನಿ ಪ್ಯೂರ್‌ಫಾಯ್ ಅವರ ನೆಚ್ಚಿನ ಪತ್ನಿ. ಅಡುಗೆ ಮತ್ತು ಹೂದೋಟ ಇವರ ಹವ್ಯಾಸಗಳು.

ವರ್ಲೀನ್ ಎರಡು ಸಲ ಓದಿದಳು. ಹೂದೋಟವಂತೆ. ಆ ಮನೆಯ ಹಿತ್ತಲಲ್ಲಿ ಒಂದು ಹೂವಿನ ಗಿಡವೂ ಇರಲಿಲ್ಲ. ಇದ್ದದ್ದು ವ್ಯಾಸಲೀನಿನ ಖಾಲಿ ಪೀಪಾಯಿಗಳು.

ಯುದ್ಧ ಮುಗಿದ ಮರುವರ್ಷ, ಮೂರನೆಯ ಬಾಣಂತನದ ಜ್ವರದಲ್ಲಿ ಲೂವಿನಿಯಾಳ ಕೂದಲು ಹಿಡಿ ಹಿಡಿಯಾಗಿ ಉದುರಿತ್ತು. ಗಂಧಕ, ಜೇನುಮೇಣ, ವ್ಯಾಸಲೀನ್, ತವರಿನ ಕಡೆಯ ಒಂದಿಷ್ಟು ಬೇರು, ಹೀಗೆ ಏನೇನೋ ಬೆರೆಸಿ ಕುದಿಸಿ, ಕೆಟ್ಟದ್ದನ್ನು ಚೆಲ್ಲಿ, ಮತ್ತೆ ಕುದಿಸಿ, ತನ್ನ ತಲೆಗೇ ಹಚ್ಚಿಕೊಂಡು ನೋಡಿದಳು. ಏಳು ತಿಂಗಳಿಗೆ ಕೂದಲು ಬಂತು. ಬೀದಿಯ ಹೆಂಗಸರು ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ಆಗ ಲಾನಿ ತಂಬಾಕು ಕಾರ್ಖಾನೆಯಲ್ಲಿ ಎಲೆ ಹೊರುತ್ತಿದ್ದ.

ಲೂವಿನಿಯಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಂದು ಪಾತ್ರೆ ಪೊಮೇಡ್ ಕುದಿಸುತ್ತಿದ್ದಳು. ಅದೇ ಒಲೆಯ ಮೇಲೆ ಮಕ್ಕಳಿಗೆ ಜೋಳದ ಗಂಜಿ. ಆಮೇಲೆ ಬಿಳಿಯರ ಮನೆಗೆ ಹೋಗಿ ಅವರ ಅಡುಗೆ. ಸಂಜೆ ಬಂದು ಇನ್ನೊಂದು ಪಾತ್ರೆ. ಎಡಗೈ ಮೇಲೆ ಮೊಣಕೈವರೆಗೂ ಸುಟ್ಟ ಕಲೆಗಳಿದ್ದವು. ವರ್ಲೀನ್ ಮತ್ತು ಬೀದಿಯ ನಾಲ್ಕೈದು ಹೆಂಗಸರು ಆ ಅಡುಗೆಮನೆಯಲ್ಲಿ ಕೂತು ಅಂಗಡಿಗಳಿಗೆ ಹೋಗುವ ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಚೀಟಿಯ ಮೇಲೆ ಟೈ ಕಟ್ಟಿದ ಲಾನಿಯ ಚಿತ್ರವಿತ್ತು. ಗಂಡಸಿನ ಮುಖವಿದ್ದರೆ ಅಂಗಡಿಯವರು ನಂಬುತ್ತಾರೆ ಎಂದು ಲಾನಿ ಹೇಳಿದ್ದ. ಮೇಣ ಹತ್ತಿದ ಕೈಯಿಂದ ಹಣೆ ಒರೆಸಿಕೊಳ್ಳುತ್ತಾ ಲೂವಿನಿಯಾ ನಗುತ್ತಿದ್ದಳು: "ಅವನ ತಲೇಲಿ ನಾಲ್ಕು ಕೂದ್ಲಿಲ್ಲ ಕಣ್ರೇ. ಕೂದ್ಲೆಣ್ಣೆಗೆ ಅವನ ಮುಖ."

ಒಂಬತ್ತು ವರ್ಷ ಕಳೆದು ಕಾರ್ಖಾನೆಗೆ ಇಟ್ಟಿಗೆಯ ಕಟ್ಟಡ ಎದ್ದಿತು. ಇನ್ನು ನೀನು ಸುಖವಾಗಿ ಮನೆಯಲ್ಲಿರು ಎಂದು ಲಾನಿ ಅವಳನ್ನು ಮನೆಯಲ್ಲೇ ಬಿಟ್ಟ. ಮೊದಲ ವಾರವೇ ದೊಡ್ಡ ಹಂಡೆಯಲ್ಲಿ ಪೊಮೇಡ್ ಹೆಪ್ಪುಗಟ್ಟದೆ ನೀರಾಯಿತು. ಹಿಂಬಾಗಿಲಿನಿಂದ ಅವಳನ್ನು ಕರೆಸಿಕೊಂಡರು. ಮೂರು ದಿನ ನಿಂತು ಗಂಡಸರಿಗೆ ಹದ ಕಲಿಸಿಕೊಟ್ಟಳು. ಉದ್ಘಾಟನೆಯ ಫೋಟೋದಲ್ಲಿ ಊರಿನ ಇಪ್ಪತ್ತಮೂರು ಗಣ್ಯರಿದ್ದಾರೆ, ಅವಳಿಲ್ಲ. ಆ ಹೊತ್ತಿನಲ್ಲಿ ಅವಳು ಹಿಂದುಗಡೆ ಇನ್ನೂರು ಜನಕ್ಕೆ ಕೋಳಿ ಕರಿಯುತ್ತಿದ್ದಳು.

ಇದನ್ನೆಲ್ಲ ವರ್ಲೀನ್ ಕ್ಲೀವನ್‌ಗೆ ನೆನಪಿಸಿದಳು. ಅವನು ತಾಳ್ಮೆಯಿಂದಲೇ ಕೇಳಿದ. ಅಮ್ಮ ಸಹಾಯ ಮಾಡಿದ್ದು ನಿಜ, ಯಾರು ಇಲ್ಲ ಅಂದರು ಎಂದ. ಬರುವ ತಿಂಗಳು ನಮ್ಮ ವ್ಯಾಪಾರಿಗಳ ಸಂಘದವರು ಕಾರ್ಖಾನೆಯ ಗೋಡೆಗೆ ಕಂಚಿನ ಫಲಕ ಹಾಕುತ್ತಾರೆ, ಅಪ್ಪನ ಹೆಸರು ಕೆತ್ತಿಸಿಯೂ ಆಗಿದೆ, ಈಗ ಪುಸ್ತಿಕೆಯಲ್ಲಿ ಬೇರೆ ಕಥೆ ಬಂದರೆ ಜನ ಏನು ಕೇಳುತ್ತಾರೆ?

"ನಮ್ಮೋರಲ್ಲಿ ಹೀಗೆ ಮೊದಲು ಅನ್ನಿಸ್ಕೊಂಡೋರು ಎಷ್ಟು ಜನ ಇದಾರೆ ಆಂಟಿ?" ಎಂದ. "ಬಿಳಿಯರು ನಮ್ಮ ಒಬ್ಬೊಬ್ಬರನ್ನೂ ಅಳಿಸೋಕೆ ಕಾಯ್ತಾ ಇರ್ತಾರೆ. ನೀವೂ ಒಬ್ಬರನ್ನ ಕಿತ್ಕೋಬೇಡಿ."

"ನಾನು ಯಾರನ್ನೂ ಕಿತ್ಕೊಳ್ತಿಲ್ಲ ಕಣಪ್ಪ. ಇನ್ನೊಬ್ಬಳನ್ನ ಕೊಡ್ತಿದೀನಿ. ನಿನಗೆ ಬೇಡ ಅಷ್ಟೆ."

ಅವನು ಗಡಿಯಾರ ನೋಡಿದ. ಪುಸ್ತಿಕೆ ಅವನ ಮನೆಯದು, ಮುದ್ರಣಾಲಯವೂ ಅವನ ಗೆಳೆಯನದು. ವರ್ಲೀನ್ ಅವನು ಬರೆದದ್ದನ್ನೇ ಟೈಪ್ ಮಾಡಿಕೊಟ್ಟಳು. ಒಂದೊಂದು ಅಕ್ಷರವನ್ನೂ ಕುಟ್ಟಿದ ಜೋರಿಗೆ ಕಾಗದದ ಹಿಂಬದಿ ಉಬ್ಬಿಬಂದಿತ್ತು. ಅವನು ಹೋದ ಮೇಲೆ ಅವಳಿಗೆ ಅವನಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಮೂವತ್ತೊಂದು ವರ್ಷದಲ್ಲಿ ಇದೇ ಬೆರಳುಗಳು ಎಷ್ಟು ಹೆಂಗಸರನ್ನು 'ನೆಚ್ಚಿನ ಪತ್ನಿ' ಎಂದು ಎರಡು ಪದದಲ್ಲಿ ಮುಗಿಸಿರಲಿಲ್ಲ?

ಪುಸ್ತಿಕೆ ಮನೆಯವರದು, ಸರಿ. ಆದರೆ ಅಂತ್ಯಕ್ರಿಯೆಗೆ ಸೇರಿದ ಸಭೆಯ ಪರವಾಗಿ ಓದುವ ಸಂತಾಪ ನಿರ್ಣಯ ಚರ್ಚಿನದು. ಅದನ್ನು ಬರೆಯುವುದು ಕಾರ್ಯದರ್ಶಿಯ ಕೆಲಸ, ಮೊದಲೇ ನೋಡುವವರು ಯಾರೂ ಇಲ್ಲ. ಪ್ರತಿ ಸಾವಿನಲ್ಲೂ ಹೆಸರೊಂದನ್ನು ಬದಲಿಸಿ ಅದೇ ಸಾಲುಗಳನ್ನು ಓದುವುದು, ಜನ ಬೀಸಣಿಗೆ ಬೀಸಿಕೊಳ್ಳುತ್ತಾ ಕೇಳಿ ಕೊನೆಗೆ ಎದ್ದು ನಿಂತು ಒಪ್ಪಿಗೆ ಕೊಡುವುದು, ಆಮೇಲೆ ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸುವುದು ನಡೆದುಬಂದ ಪದ್ಧತಿ.

ಶನಿವಾರ ಚರ್ಚ್ ತುಂಬಿತ್ತು. ಜೀವನ ವಿವರವನ್ನು ಎಲ್ಲರೂ ಮನಸ್ಸಿನಲ್ಲೇ ಓದಿಕೊಳ್ಳಬೇಕೆಂದು ಪುಸ್ತಿಕೆಯಲ್ಲಿ ಅಚ್ಚಾಗಿತ್ತು. ಆರ್ಗನ್ ಮೆಲ್ಲಗೆ ನುಡಿಯುತ್ತಿರುವಾಗ ಜನ ಓದಿಕೊಂಡರು. ನಂತರ ರೆವರೆಂಡ್ ಬುಲಕ್ ಕಾರ್ಯದರ್ಶಿಯನ್ನು ಕರೆದು, ಎರಡೇ ನಿಮಿಷ ಸಿಸ್ಟರ್, ಎಂದರು.

ವರ್ಲೀನ್ ಕನ್ನಡಕ ಸರಿಮಾಡಿಕೊಂಡು ಓದಿದಳು.

"ಪ್ಯೂರ್‌ಫಾಯ್ ಪೊಮೇಡನ್ನು ಲೂವಿನಿಯಾ ಪ್ಯೂರ್‌ಫಾಯ್ ತನ್ನ ಅಡುಗೆಮನೆಯಲ್ಲಿ, ತನ್ನ ಕೈಯಾರೆ ಕಂಡುಹಿಡಿದಿರುವುದರಿಂದ, ಒಂಬತ್ತು ವರ್ಷ ಅದರ ಒಂದೊಂದು ಡಬ್ಬಿಯನ್ನೂ ಅವಳೇ ಕುದಿಸಿ ತುಂಬಿರುವುದರಿಂದ, ಕಾರ್ಖಾನೆಯ ಗಂಡಸರಿಗೆ ಅದರ ಹದ ಕಲಿಸಿದವಳೂ ಅವಳೇ ಆಗಿರುವುದರಿಂದ, ಇದಕ್ಕೆ ಈ ಸಭೆಯಲ್ಲಿ ಸಾಕ್ಷಿಗಳಿರುವುದರಿಂದ, ಈ ಕಂಪನಿಯನ್ನು ಸ್ಥಾಪಿಸಿದವಳು ಅವಳೆಂದು ಮೌಂಟ್ ಪಿಸ್ಗಾ ಸಭೆ ನಿರ್ಣಯಿಸುತ್ತದೆ."

ಬೀಸಣಿಗೆಗಳು ನಿಂತವು. ಒಪ್ಪುವವರು ಏಳಿ ಎಂದು ಹೇಳಬೇಕಾದ ರೆವರೆಂಡ್ ಪುಸ್ತಿಕೆಯ ಮುಂದಿನ ಹಾಡನ್ನು ಹುಡುಕತೊಡಗಿದರು. ಅವರು ಹೇಳುವವರೆಗೆ ಕಾಯದೆ ಎಪ್ಪತ್ತೆಂಟರ ಜೆರುಷಾ ಬಾಸ್ ಕೋಲೂರಿ ಎದ್ದಳು. ಅವಳೂ ಚೀಟಿ ಅಂಟಿಸಿದವಳೇ. ಬಿಳಿ ಉಡುಪಿನ ಹಿರಿಯ ಹೆಂಗಸರ ಸಾಲು ಪೂರಾ ಎದ್ದಿತು. ಆಮೇಲೆ ಹಾಡುವವರ ಸಾಲು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿ, ಹೆಂಡತಿಯರ ಮುಖ ನೋಡಿ, ತಡವಾಗಿ ಎದ್ದರು. ಮುಂದಿನ ಸಾಲಿನಲ್ಲಿದ್ದ ಕ್ಲೀವನ್ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ, ಎದ್ದು ನಿಂತಿದ್ದ ಅದೇ ಹೆಂಗಸರು ಚರ್ಚಿನ ಕೆಳಮಹಡಿಯಲ್ಲಿ ಏಪ್ರನ್ ಕಟ್ಟಿಕೊಂಡು ಊಟ ಬಡಿಸುತ್ತಿದ್ದರು. ವರ್ಲೀನ್ ಅತ್ತ ಹೋಗಲಿಲ್ಲ. ಚರ್ಚಿನ ಕಚೇರಿಯಲ್ಲಿ ಕೂತು ನಿರ್ಣಯ ಅಂಟಿಸಲು ದಾಖಲೆ ಪುಸ್ತಕಕ್ಕೆ ಗೋಂದು ಹಚ್ಚುತ್ತಿದ್ದಳು. ಕ್ಲೀವನ್ ಬಂದು ಬಾಗಿಲು ಮುಚ್ಚಿದ. ಸತ್ತ ಅಪ್ಪನನ್ನು ಊರೆಲ್ಲರ ಮುಂದೆ ಕಳ್ಳನನ್ನಾಗಿ ಮಾಡಿದಿರಿ, ಆ ಹಾಳೆ ಕಿತ್ತುಹಾಕಿ ಎಂದ. ದನಿ ಏರಿತ್ತು.

ವರ್ಲೀನ್ ಪುಸ್ತಕವನ್ನು ಅವನ ಕಡೆ ತಿರುಗಿಸಿ ಪೆನ್ನು ಮುಂದಿಟ್ಟಳು. "ಕೀಳೋಕಾಗಲ್ಲ, ಸಭೆ ಒಪ್ಪಿರೋದು. ಕೆಳಗಡೆ ಜಾಗ ಇದೆ. ಇದು ಸುಳ್ಳು, ಕುದಿಸಿದ್ದು ನಮ್ಮಪ್ಪ ಅಂತ ಬರಿ. ಬರೆದು ಸಹಿ ಹಾಕು. ನಾನೇ ಸಾಕ್ಷಿ ಹಾಕ್ತೀನಿ."

ಅವನು ಪೆನ್ನು ಎತ್ತಿಕೊಂಡ. ಹಾಳೆಯ ಮೇಲೆ ಬಾಗಿದ.

"ಬರಿಯಪ್ಪ. ನಿನ್ನ ಅಂಗಿ ಗಂಧಕ ನಾರುತ್ತೆ ಅಂತ ಶಾಲೇಲಿ ಹುಡುಗ್ರು ಆಡಿಕೊಂಡಾಗ, ನೀನು ಅಳ್ತಾ ಬಂದು ಜಗಳ ಆಡಿದ್ದು ಯಾರ ಜೊತೆ? ನಿಮ್ಮಪ್ಪನ ಜೊತೆನಾ?"

ಪೆನ್ನಿನ ತುದಿ ಹಾಳೆಗೆ ತಗುಲಿ ಒಂದು ಚುಕ್ಕೆ ಬಿತ್ತು. ಅವನು ಪೆನ್ನನ್ನು ಕೆಳಗಿಟ್ಟು, ಅವಳ ಮುಖ ನೋಡದೆ ಹೊರಟುಹೋದ.

ಮರುತಿಂಗಳು ಫಲಕ ಬಂತು. ಅದರಲ್ಲಿ ಲಾನಿಯ ಹೆಸರೊಂದೇ ಇತ್ತು. ಭಾಷಣಗಳಾದವು, ಪತ್ರಿಕೆಯವರು ಬಂದರು, ಊಟದ ವ್ಯವಸ್ಥೆಗೆ ಚರ್ಚಿನ ಹೆಂಗಸರನ್ನು ಕೇಳಿದರು. ಜೆರುಷಾ ಬಾಸ್ ಎಲ್ಲರ ಪರವಾಗಿ ಫೋನಿನಲ್ಲಿ ಉತ್ತರ ಕೊಟ್ಟಳು. ಆ ದಿನ ಗಣ್ಯರು ಹಸಿದುಕೊಂಡೇ ಮನೆಗೆ ಹೋದರು.