ಹೆಂಡತಿಯ ತೋರುಬೆರಳಿನ ನರ

ಕಾಫಿ ಗಿಡದ ರೆಂಬೆ ಸವರುವ ಕಪಾತು ಕತ್ತಿ ಜಾರಿ ನನ್ನ ಹೆಂಡತಿಯ ತೋರುಬೆರಳು ಸೀಳಿದ ದಿನ ಅವಳು ಕೂಗಿದಳು ಎಂದು ನನ್ನ ನೆನಪು. ಕೂಗಲೇ ಇಲ್ಲ ಎನ್ನುತ್ತಾಳೆ ಅವಳು. ಬೆಳಗೋಡಿನಿಂದ ಹಾಸನದ ಆಸ್ಪತ್ರೆಗೆ ನಮ್ಮ ಜೀಪಿನಲ್ಲೇ ಹೋದೆವು ಅಂದುಕೊಂಡಿದ್ದೇನೆ. ಅವಳ ಪ್ರಕಾರ ಜೀಪು ಆ ದಿನ ಗ್ಯಾರೇಜಿನಲ್ಲಿತ್ತು. ಕಡಿದ ನರವನ್ನು ವೈದ್ಯರು ಹೊಲಿದರು ಎಂಬುದರಲ್ಲಿ ಮಾತ್ರ ನಮಗೆ ಜಗಳವಿಲ್ಲ.

ಗಾಯ ಬೇಗ ಮಾಯಿತು. ಆದರೆ ಮುಂದಿನ ಕೊಯ್ಲು ಬಂದರೂ ಬೆರಳ ತುದಿ ಮರಗಟ್ಟಿಯೇ ಇತ್ತು. ಕಣದಲ್ಲಿ ಹರಡಿದ ಕಾಫಿಯನ್ನು ಬೆರಳಲ್ಲಿ ಉಜ್ಜಿ "ಇನ್ನೊಂದು ಬಿಸಿಲು ಬೇಕು" ಎನ್ನುತ್ತಿದ್ದವಳು, ಈಗ ಕಾಳನ್ನು ಎಡಗೈಗೆ ದಾಟಿಸಿ, ಮತ್ತೆ ಬಲಗೈಗೆ ತಂದು, ಒಣಗಿದೆಯೋ ಇಲ್ಲವೋ ತಿಳಿಯದೆ ಚೆಲ್ಲಿಬಿಡುತ್ತಿದ್ದಳು. ಸ್ಪರ್ಶ ಮರಳುತ್ತದೆಂದು ವೈದ್ಯರು ಭರವಸೆ ಕೊಟ್ಟಿರಲಿಲ್ಲ.

ನಾನು ಯೂನಿವರ್ಸಿಟಿಯಲ್ಲಿ ಜೀವರಸಾಯನ ಓದಿದವನು. ಸಮಾಧಾನ ಹೇಳುವ ಬೇರೆ ದಾರಿ ಗೊತ್ತಿರಲಿಲ್ಲ. ಒಂದು ಸಂಜೆ ಅವಳ ಬೆರಳಿಗೆ ಎಣ್ಣೆ ತಿಕ್ಕುತ್ತ ವಿವರಿಸಿದೆ: ಕಡಿದಲ್ಲಿಂದ ಮತ್ತೆ ಬೆಳೆಯುವ ನರಕೋಶದ ತುದಿ ತಡಕಾಡುತ್ತ ಮುಂದೆ ಸರಿಯುತ್ತದೆ. ಅದರ ಮೈಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಹೊರಗಿನ ಸಂದೇಶ ಬಂದು ಕೂತಾಗ ಗ್ರಾಹಕದ ಒಳಬದಿಗೆ ಫಾಸ್ಫೇಟ್ ಅಂಟುತ್ತದೆ. ಆಗ ಕೋಶದೊಳಗಿನ ಎಳೆಗಳು ಒಂದು ಕಡೆ ಕಟ್ಟಿಕೊಂಡು, ಇನ್ನೊಂದು ಕಡೆ ಕಳಚಿಕೊಂಡು, ತುದಿ ಹೊರಳುತ್ತದೆ. ಗಾಯ ಮುಚ್ಚಲು ಚರ್ಮದ ಕೋಶಗಳು ಸರಿದು ಬಂದದ್ದೂ ಹೆಚ್ಚುಕಡಿಮೆ ಹೀಗೆಯೇ.

"ಫಾಸ್ಫೇಟಾ? ಸ್ಟೋರಲ್ಲಿ ಮೂಟೆಗಟ್ಲೆ ಐತಲ್ರೀ. ಗಿಡದ ಬೇರಿಗೆ ಹಾಕ್ತೀವಿ, ನಂಗೂ ಒಂದ್ ಬೊಗಸೆ ಹಾಕ್ಬುಡಿ."

ತಮಾಷೆ ಅಂದುಕೊಂಡೆ. ಮರುದಿನದಿಂದ ಊಟದಲ್ಲಿ ಮೀನು, ಮೊಟ್ಟೆ, ಎಳ್ಳು ಹೆಚ್ಚಾದವು. ಫಾಸ್ಫೇಟ್ ಯಾವುದರಲ್ಲಿದೆ ಎಂದು ಯಾರನ್ನೋ ಕೇಳಿಕೊಂಡು ಬಂದಿದ್ದಳು. ಬೇರು ಸೊರಗಿದರೆ ಇನ್ನೊಂದು ಹಿಡಿ ಗೊಬ್ಬರ ಹಾಕುವುದು ತೋಟದವರ ರೂಢಿ.

"ಜಾಸ್ತಿ ತಿಂದ್ರೆ ಜಾಸ್ತಿ ಬೆಳೆಯಲ್ಲ," ಎಂದೆ. "ಅದು ಅಂಟಬೇಕು, ಆಮೇಲೆ ಬಿಡಲೂಬೇಕು. ಬಿಡದೇ ಹೋದ್ರೆ ತುದಿಗೆ ದಿಕ್ಕೇ ತಪ್ಪಬಹುದು."

"ಹಂಗಾದ್ರೆ ಸುಮ್ನೆ ಕಾಯೋದೊಂದೇನಾ?"

"ಹೂಂ."

"ಅಷ್ಟ್ ಓದಿದ್ದು ಇದಕ್ಕೇನಾ ಮಾರಾಯ್ರೇ," ಎಂದಳು. ಬೆರಳನ್ನು ಮಾತ್ರ ನನ್ನ ಕೈಯಿಂದ ಎಳೆದುಕೊಳ್ಳಲಿಲ್ಲ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರವೇ ತುದಿ ಜುಮ್ಮೆನ್ನತೊಡಗಿತು ಎಂದು ಅವಳು ಹೇಳುತ್ತಾಳೆ. ಅದಕ್ಕಿಂತ ಬಹಳ ತಡವಾಗಿ ಎಂದು ನನಗನಿಸುತ್ತದೆ. ಇಬ್ಬರ ನೆನಪನ್ನೂ ನಾನು ನಂಬುವುದಿಲ್ಲ. ಆದ್ದರಿಂದ ಒಂದು ಮಧ್ಯಾಹ್ನ ಅವಳ ಕಣ್ಣು ಮುಚ್ಚಿಸಿ, ಮೇಜಿನ ಮೇಲೆ ಕಾಫಿ ಬೀಜವಿಟ್ಟು, ಆ ಬೆರಳನ್ನು ಅದರ ಮೇಲೆ ಇರಿಸಿದೆ. ಉಬ್ಬಿದ ಬದಿಯೋ, ಚಪ್ಪಟೆ ಬದಿಯೋ ಎಂದು ಕೇಳುತ್ತ ಬೀಜವನ್ನು ಮನಬಂದಂತೆ ಮಗುಚುತ್ತಿದ್ದೆ. ಅದೃಷ್ಟವಿರಬಹುದೆಂದು ಮರುದಿನ ಮತ್ತೆ ಪರೀಕ್ಷಿಸಿದೆ. ಎರಡು ದಿನವೂ ಅವಳ ಒಂದು ಉತ್ತರವೂ ತಪ್ಪಲಿಲ್ಲ.