ಕೊನೆಯ ಪಂಕ್ತಿಯ ಸಿಂಚನಾ

ತಪ್ಪು ನನ್ನದೇ. ರಾಜ್ಯೋತ್ಸವದ ಪಟ್ಟಿ ಟೈಪ್ ಮಾಡಿದವಳು ನಾನು. ನಮ್ಮ ಕನ್ನಡ ಸಂಘದ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಊರು, ಹೆಸರು ಹೇಳುವ ‘ನಮ್ಮೂರು’ ಎಂಬ ಕಾರ್ಯಕ್ರಮವಿತ್ತು. ಅದರಲ್ಲಿ ಸಿಂಚನಾಳ ಹೆಸರನ್ನು ಬಿಟ್ಟು, ‘ಅತಿಥಿಗಳು’ ಎಂಬ ಸಾಲಿಗೆ ಸೇರಿಸಿದ್ದೆ. ಅಧ್ಯಕ್ಷರಾದ ಅಪ್ಪಾಸಾಹೇಬರು ಹಾಗೆ ಹೇಳಿದ್ದರು, ನಾನು ಕೋಲೆ ಬಸವನಂತೆ ತಲೆಯಾಡಿಸಿದ್ದೆ.

ಅಮೆರಿಕದ ಈ ಲೂಯಿಸ್‌ವಿಲ್‌ನಲ್ಲಿ ಸಿಂಚನಾಳದು ನಮ್ಮ ಪಕ್ಕದ ಅಪಾರ್ಟ್‌ಮೆಂಟ್. ವಯಸ್ಸು ಹದಿನಾರು. ತಾಯಿ ಅನುರಾಧಾ ಸವದತ್ತಿಯವಳು. ತಂದೆ ವಿರೇಮು ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ, ವಿಮಾನ ರಿಪೇರಿಯ ಕೆಲಸ. ಶಾಲೆಯಲ್ಲಿ ಅವಳನ್ನು ಮೆಕ್ಸಿಕೋದವಳೆಂದುಕೊಳ್ಳುತ್ತಾರೆ. ದೇವಸ್ಥಾನದಲ್ಲಿ ನಮ್ಮವರೇ ಪ್ರಸಾದವೆಂದರೆ ಏನೆಂದು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ಅವಳು ಪೂರ್ತಿ ಕೇಳಿಸಿಕೊಂಡು, ಅಚ್ಚ ಧಾರವಾಡದ ಕನ್ನಡದಲ್ಲಿ ಇನ್ನೊಂದು ಚೂರು ಕೇಳುತ್ತಾಳೆ. ನಮ್ಮ ಮಕ್ಕಳೋ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಹಾನುಭಾವರು.

ರಾಜ್ಯೋತ್ಸವದ ದಿನ ಪಕ್ಕದೂರು ಕಾಪೆಲ್‌ನ ಸಭಾಂಗಣದ ಬಾಗಿಲಲ್ಲಿ ಅವಳಿಗೆ ಅತಿಥಿಯ ಬ್ಯಾಡ್ಜ್ ಕೊಟ್ಟೆ. ಹಾಕಿಕೊಳ್ಳಲಿಲ್ಲ. ನೆಟ್ಟಗೆ ಅಪ್ಪಾಸಾಹೇಬರ ಮುಂದೆ ಹೋಗಿ ನಿಂತಳು.

“ಅಂಕಲ್, ನಾ ಅತಿಥಿ ಅಲ್ರಿ. ನಮ್ಮೂರು ಹೇಳಾಕ ಬಂದೀನಿ.”

ಫಾರಂನಲ್ಲಿ ಅಪ್ಪನದು, ಅವ್ವನದು ಎಂದು ಎರಡು ಊರು ಬರೆದಿದ್ದೀ, ಸವದತ್ತಿಯೊಂದನ್ನೇ ಹೇಳುವುದಾದರೆ ಹೇಳು ಎಂದರು ಅವರು. ಯಾವುದನ್ನೂ ಬಿಡುವುದಿಲ್ಲ ಎಂದಳು ಅವಳು. ಇಬ್ಬರದೂ ಒಂದೇ ಹಟ. ನನಗೆ ನನ್ನ ಮೇಲೇ ಸಿಟ್ಟು ಬಂತು. ಅಧ್ಯಕ್ಷರು ನೋಡುತ್ತಿದ್ದಂತೆಯೇ ಪೆನ್ನು ತೆಗೆದು ‘ನಮ್ಮೂರು’ ಪಟ್ಟಿಯ ಕೊನೆಗೆ ಅವಳ ಹೆಸರು ಬರೆದೆ.

ಪರಿಚಯ ಹೇಳಿಕೊಳ್ಳುವುದಕ್ಕೆ ಮಾವೊರಿಗಳಲ್ಲಿ ಒಂದು ಕ್ರಮವಿದೆ. ಮೊದಲು ತಮ್ಮ ಬೆಟ್ಟ, ಆಮೇಲೆ ಹೊಳೆ, ಎಲ್ಲ ಮುಗಿದ ಮೇಲೆ ತಮ್ಮ ಹೆಸರು. ಅದನ್ನು ಸಿಂಚನಾಳಿಗೆ ಅವಳ ಅಪ್ಪನ ತಾಯಿ ಫೋನಿನಲ್ಲೇ ಕಲಿಸಿದ್ದಳಂತೆ. ತನ್ನ ಸರದಿ ಬಂದಾಗ ಸಿಂಚನಾ ವೇದಿಕೆ ಹತ್ತಿ ಹಾಗೆಯೇ ಹೇಳಿದಳು.

“ಹಿಕುರಂಗಿ ನಮ್ಮ ಗುಡ್ಡ, ವಾಯಾಪು ನಮ್ಮ ಹೊಳಿ. ಯಲ್ಲಮ್ಮನ ಗುಡ್ಡ ನಮ್ಮ ಗುಡ್ಡ, ಮಲಪ್ರಭಾ ನಮ್ಮ ಹೊಳಿ. ನಾ ಸಿಂಚನಾ.”

ಮೈಕ್ ಇಟ್ಟು ಕೆಳಗಿಳಿದಳು. ಜನ ಚಪ್ಪಾಳೆ ತಟ್ಟಿದರು. ಅಪ್ಪಾಸಾಹೇಬರು ತಟ್ಟಲಿಲ್ಲ, ಕನ್ನಡಕ ಒರೆಸುತ್ತ ಕೂತಿದ್ದರು.

ಊಟಕ್ಕೆ ನಮ್ಮಲ್ಲಿ ಮೊದಲ ಪಂಕ್ತಿ ಅತಿಥಿಗಳದು. ಸಂಘದವರು ಬಡಿಸಿ, ಕೊನೆಯ ಪಂಕ್ತಿಯಲ್ಲಿ ಉಳಿದದ್ದನ್ನು ಉಣ್ಣುತ್ತೇವೆ. ಮೊದಲ ಪಂಕ್ತಿಯಲ್ಲಿ ಸಿಂಚನಾಳಿಗೂ ಎಲೆ ಹಾಕಿಬಿಟ್ಟಿದ್ದರು. ಅವಳು ಅತ್ತ ನೋಡಲೂ ಇಲ್ಲ. ದುಪಟ್ಟಾ ಸೊಂಟಕ್ಕೆ ಬಿಗಿದು, ಕೋಸಂಬರಿಯ ಪಾತ್ರೆ ಎತ್ತಿಕೊಂಡು ಬಡಿಸುತ್ತ ಹೊರಟಳು. ಅತಿಥಿಗಳ ಜೊತೆ ಕೂತಿದ್ದ ಅಪ್ಪಾಸಾಹೇಬರು ಅವಳು ಬಂದಾಗ ಎಲೆಗೆ ಕೈ ಅಡ್ಡ ಹಿಡಿದರು.

“ನೀ ಕೂಡವ್ವಾ. ಮೊದಲ ಊಟ ಮಾಡು.”

“ಮನಿಯವರು ಕಡೀಕ ಉಣ್ತಾರ್ರಿ, ಅಂಕಲ್.”

ಅಪ್ಪಾಸಾಹೇಬರು ಅಡ್ಡ ಹಿಡಿದ ಕೈ ತೆಗೆದರು. ತಮ್ಮದೂ ಮಲಪ್ರಭೆಯ ದಂಡೆಯ ಊರೇ ಎಂದು ಮೆಲ್ಲಗೆ ಹೇಳಿದರು. ಆಮೇಲೆ ಖಾಲಿ ಎಲೆ ಬಿಟ್ಟು ಎದ್ದು, ಪಲ್ಯದ ಪಾತ್ರೆ ಹಿಡಿದು ಅವಳ ಹಿಂದೆಯೇ ಬಡಿಸುತ್ತ ನಡೆದರು.

ಕೊನೆಯ ಪಂಕ್ತಿಗೆ ಹೋಳಿಗೆ ಮುಗಿದಿತ್ತು, ಸಾರೂ ಮುಗಿದಿತ್ತು. ನಾನು, ಸಿಂಚನಾ, ಅಪ್ಪಾಸಾಹೇಬರು ಒಂದೇ ಸಾಲಿನಲ್ಲಿ ಕೂತು ಬರೀ ಮೊಸರನ್ನ ಉಂಡೆವು. ಅವಳು ಎರಡು ಸಲ ಹಾಕಿಸಿಕೊಂಡಳು.